ಬಿಳಿ ಸೋಫಾದವರ ಸನ್ನಿಧಾನಕ್ಕೆ

ಮಾನ್ಯ ಬಿಳಿ ಸೋಫಾ ಅವರೇ,

ವೃದ್ಧರ ಆರೈಕೆ ಮನೆಯ ಮುಂಗೋಣೆಯಲ್ಲಿ, ಮೀನಿನ ತೊಟ್ಟಿಯ ಪಕ್ಕ ವಿರಾಜಮಾನರಾಗಿರುವ ತಮಗೆ, ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕೆನಡಾದ ಸಾಸ್ಕಾಟೂನಿನ ಗೋಧಿ ಗೋದಾಮಿನಲ್ಲಿ ಬೆನ್ನು ಸವೆಸಿದ ಓರೆಸ್ಟ್ ಡಾನಿಲ್‌ಚುಕ್ ಎಂಬ ಎಪ್ಪತ್ತಾರರ ಮುದುಕನ ನಮಸ್ಕಾರಗಳು. ತಾವು ಈಗ ಒಣಗಿದ್ದೀರೆಂದು ನಂಬಿದ್ದೇನೆ.

ಕಳೆದ ಮಂಗಳವಾರ ತಮ್ಮನ್ನು ಒದ್ದೆ ಮಾಡಿದವಳು ನಮ್ಮಕ್ಕ ಸ್ಟೆಫಾನಿಯಾ. ಅವಳಿಗೆ ಮರೆವಿನ ಕಾಯಿಲೆ, ಉಚ್ಚೆ ನಿಲ್ಲುವುದಿಲ್ಲ. ಅವಳನ್ನು ಎತ್ತಿ ತೊಳೆಯಲು ನನ್ನ ಬೆನ್ನು ಒಪ್ಪುವುದಿಲ್ಲ. ಆದ್ದರಿಂದ ಅವಳಿಗೊಂದು ಜಾಗ ಹುಡುಕುತ್ತಾ ತಮ್ಮಲ್ಲಿಗೆ ಬಂದಿದ್ದೆವು. ನನ್ನ ಹೆಸರನ್ನೇ ಮರೆತಿರುವ ಅಕ್ಕ, ಯಾರ ಮನೆಗೆ ಹೋದರೂ ಬೂಟು ಬಾಗಿಲಲ್ಲೇ ಬಿಡಬೇಕೆಂಬುದನ್ನು ಮಾತ್ರ ಮರೆತಿಲ್ಲ. ಬಿಚ್ಚಿಟ್ಟಳು. "ಅಯ್ಯೋ ಅಜ್ಜಿ, ಇಲ್ಲಿ ಯಾರೂ ಬೂಟು ಬಿಚ್ಚಲ್ಲ, ಇದೇನು ಮನೇನಾ?" ಎಂದು ಮ್ಯಾನೇಜರಮ್ಮ ನಕ್ಕರು.

ಅಕ್ಕ ಮೂರು ಸಲ "ಕಕ್ಕಸು ಎಲ್ಲಿ?" ಎಂದಳು. ಮೂರು ಸಲವೂ "ಮೊದಲು ಮೀನು ನೋಡಿ ಅಜ್ಜಿ" ಎಂಬ ಉತ್ತರ ಬಂತು. ತಮ್ಮ ಮೇಲೆ ಕೂತು ನೋಡಿದಳು. ತೊಟ್ಟಿಯ ನೀರು ಬೇರೆ ಗುಳುಗುಳು ಅನ್ನುತ್ತಿತ್ತು. ಮುಂದಿನದು ತಮಗೇ ಗೊತ್ತು.

"ಅಯ್ಯೋ, ಸೋಫಾ!" ಎಂದು ಮ್ಯಾನೇಜರಮ್ಮ ಕಿರುಚಿದ್ದೇ ತಡ, ಐದು ಜನ ಓಡಿಬಂದರು. ಒಬ್ಬರು ಒರೆಸಿದರು, ಒಬ್ಬರು ಪುಡಿ ಉದುರಿಸಿದರು, ಒಬ್ಬರು ಫ್ಯಾನು ತಂದು ಹಿಡಿದರು. ಅಂಥ ಆರೈಕೆಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ, ತಾವು ಧನ್ಯರು. ಒದ್ದೆ ಕಾಲುಚೀಲದಲ್ಲಿ ನಿಂತಿದ್ದ ಅಕ್ಕ, "ಪಾಪ, ಯಾರಿಗೆ ಹುಷಾರಿಲ್ವಂತೆ?" ಎಂದು ನನ್ನನ್ನು ಕೇಳಿದಳು.

ಆದಕಾರಣ ತಮ್ಮಲ್ಲೊಂದು ಅರಿಕೆ. ತಾವು ಒಂದು ವಾರ ಮಹಡಿ ಮೇಲಿನ ಅಜ್ಜಿಯರ ಕೋಣೆಯೊಂದರಲ್ಲಿ ಮಲಗಿ, ಯಾರಾದರೂ ಒಬ್ಬ ಅಜ್ಜಿಯನ್ನು ತಮ್ಮ ಜಾಗದಲ್ಲಿ ಇರಿಸಬೇಕು. ಒದ್ದೆಯಾದಾಗ ಕರೆಗಂಟೆ ಒತ್ತಿ, ಯಾರು ಎಷ್ಟು ಹೊತ್ತಿಗೆ ಬಂದರೆಂದು ನನಗೆ ಕಾಗದ ಬರೆಯಬೇಕು.

ಆ ಅಜ್ಜಿ ನಮ್ಮಕ್ಕ ಆಗಿರುವುದಿಲ್ಲ. ಮರುದಿನ ಇನ್ನೊಂದು ಆರೈಕೆ ಮನೆಗೆ ಹೋದೆವು: ಹಳೇ ಶಾಲೆಯ ಕಟ್ಟಡ, ಫಿನಾಯಿಲ್ ವಾಸನೆ, ಬಣ್ಣ ಹೋದ ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲಲ್ಲಿ ಬೂಟುಗಳ ಸಾಲು. ಅಕ್ಕ ಲಂಗ ಹಿಡಿದು ಚಡಪಡಿಸಿದ್ದನ್ನು ಕಂಡು, ಮಾರಿಸೆಲ್ ಎಂಬ ಆಯಾ ಅವಳ ಕೈಹಿಡಿದು, "ಬಾಮ್ಮ, ನಂಗೂ ಅರ್ಜೆಂಟಾಗಿದೆ, ಜೊತೇಲೇ ಹೋಗೋಣ" ಎಂದಳು. ಅವರಿಬ್ಬರೂ ಕಕ್ಕಸಿನಿಂದ ಹೊರಬರುವಷ್ಟರಲ್ಲಿ ನಾನು ಅವಳನ್ನು ಅಲ್ಲಿಗೆ ಸೇರಿಸುವ ಕಾಗದಕ್ಕೆ ಸಹಿ ಹಾಕಿದ್ದೆ. ಮೀನು ಇದೆಯೋ ಇಲ್ಲವೋ, ಕೇಳಲೇ ಇಲ್ಲ.

ತಮ್ಮ ಮೇಲೆ ಇನ್ನೆಂದೂ ಕೂರದ,
ತಮ್ಮ ವಿಶ್ವಾಸಿ,
ಓರೆಸ್ಟ್ ಡಾನಿಲ್‌ಚುಕ್

ತಾ.ಕ.: ಇದರ ಜೊತೆ ಅಕ್ಕನಿಗೆಂದು ಆಮೇಲೆ ಕೊಂಡ ಡಯಾಪರ್ ಒಂದನ್ನು ಇಟ್ಟಿದ್ದೇನೆ, ಹೊಸದೇ. ಮುಂದಿನ ಅಜ್ಜಿ ಮೀನು ನೋಡಲು ಬರುವ ಮೊದಲು ಮ್ಯಾನೇಜರಮ್ಮ ಅದನ್ನು ತಮಗೆ ಉಡಿಸಲಿ.