ಬೈಕು ಕೊಂಡು ಬೈಸಿಕೊಂಡದ್ದು

ಹಳೆಯ ಬೈಕಿನ ವ್ಯಾಪಾರದಲ್ಲಿ ಈ ರಘುವನ್ನು ಯಾಮಾರಿಸುವ ಗಂಡು ಭೂಮಂಡಲದಲ್ಲೇ ಹುಟ್ಟಿಲ್ಲ! ಅಮೆರಿಕದ ಪ್ಲೆಸೆಂಟನ್ನಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಅಕ್ಷಯಾ ದೋಸೆ ಮಗುಚುತ್ತಿದ್ದಳು.

"ಅಂಗಡೀಲಿ ತಗೊಳ್ರೀ. ಕೆಟ್ರೆ ಹೋಗಿ ಕೇಳೋಕೆ ಒಂದು ಬಾಗಿಲಾದ್ರೂ ಇರುತ್ತೆ," ಎಂದಳು.

"ಅಂಗಡಿ ಇರೋದು ಕಣ್ಣಿಲ್ಲದವರಿಗೆ! ಮಂಡ್ಯದಲ್ಲಿ ನಾನು ಸದ್ದು ಕೇಳೇ ಬೈಕಿನ ಜಾತಕ ಹೇಳ್ತಿದ್ದೆ."

"ನಿಮ್ಮ ಜಾತಕಾನ ನಮ್ಮಪ್ಪ ಸರಿಯಾಗಿ ನೋಡಿಸ್ಲಿಲ್ಲ, ಅದೇ ತಪ್ಪಾಗಿದ್ದು!" ಎಂದು ದೋಸೆಯನ್ನು ನನ್ನ ತಟ್ಟೆಗೆ ಎಸೆದಳು.

ಬೈಕು ಮಾರುತ್ತಿದ್ದವನು ಹತ್ತಿರದ ಊರು ಹೇವರ್ಡ್‌ನ ಶಾರೀಕ್. ಮೈಸೂರಿನವನು. ಫೋನಿನಲ್ಲಿ "ಸಾರ್, ನಿಮ್ದು ಕನ್ನಡಾನಾ?" ಎಂದಾಗಲೇ ಅರ್ಧ ವ್ಯಾಪಾರ ಮುಗಿದಿತ್ತು. ಉಳಿದರ್ಧವನ್ನು ಅವನ ಮನೆ ಮುಂದೆ ನಿಂತಿದ್ದ ಬೈಕಿನ ಕೆಂಪು ಬಣ್ಣ ಮುಗಿಸಿತು. ಶಾರೀಕ್ ಮಾತ್ರ ಗಳಿಗೆಗೊಮ್ಮೆ ರಸ್ತೆಯ ಕಡೆ ನೋಡುತ್ತಿದ್ದ. ಪಾಪ, ಬೇರೆ ಗಿರಾಕಿಗಳ ಕಾಟವಿರಬೇಕು ಎಂದುಕೊಂಡೆ.

"ಮಾಲೀಕರ ಪೇಪರು?" ಗತ್ತಿನಿಂದ ಕೇಳಿದೆ.

"ಅದು ನಮ್ಮ ಮನೆಯವ್ರ ಹೆಸರಲ್ಲಿದೆ ಸಾರ್. ಸೈನ್ ಹಾಕಿಸಿ ನಾಳೆ ನಾನೇ ತಂದ್ಕೊಡ್ತೀನಿ. ನಾವ್ ನಾವೇ ಅಲ್ವಾ!"

ನಾವ್ ನಾವೇ! ಕಡಲು ದಾಟಿ ಬಂದ ಕನ್ನಡಿಗನ ಬುದ್ಧಿಗೆ ಮಂಕುಬೂದಿ ಎರಚಲು ಇದಕ್ಕಿಂತ ಬಲವಾದ ಮಂತ್ರವಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ಹಣ ಕಳಿಸಿ, ಹೊಸ ಹೆಲ್ಮೆಟ್ಟು ಧರಿಸಿ, ಕಿರೀಟಧಾರಿಯಾಗಿ ಹೊರಟೆ.

ಆಹಾ, ಆ ಸವಾರಿಯ ವೈಭವವೇನು! ಗುಡ್ಡದ ಕಡೆ ತಿರುಗುವ ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನೊಳಗಿದ್ದ ಮಗುವಿಗೆ ಟಾಟಾ ಮಾಡಿ, ಕೈಯನ್ನು ಠೀವಿಯಿಂದ ಮತ್ತೆ ಹ್ಯಾಂಡಲ್ಲಿಗೆ ಅಪ್ಪಳಿಸಿದೆ. ಬೈಕು ಗಪ್‌ಚಿಪ್! ಸಿಗ್ನಲ್ಲಿಗೆ ಹಸಿರು ಬಂತು, ಬೈಕಿಗೆ ನಿದ್ದೆ ಬಂತು. ಸ್ಟಾರ್ಟ್ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಬಾತುಕೊಂಡಿತು. ಹಿಂದೆ ಹಾರನ್ನುಗಳ ಮಂಗಳವಾದ್ಯ! ಗುಡ್ಡ ಹತ್ತಿಸಿ ಆಚೆಯ ಇಳಿಜಾರಿನಲ್ಲಿ ಉರುಳಿಸಿದರೆ ಸ್ಟಾರ್ಟ್ ಆದೀತೆಂಬ ಆಸೆಯಿಂದ ಅದನ್ನು ಏರಿನತ್ತ ತಳ್ಳತೊಡಗಿದೆ. ಸವಾರನಾಗಿ ಹೊರಟವನು ಸಾಗಾಟದ ಎತ್ತಾಗಿದ್ದೆ.

ಹಿಂದಿನಿಂದ ಪೊಲೀಸ್ ಕಾರು ಬಂತು. ಸಹಾಯಕ್ಕೆ ಬಂದರೆಂದು ಹಲ್ಲು ಕಿರಿದೆ. ಪೊಲೀಸಪ್ಪ ನಂಬರ್ ಪ್ಲೇಟು ನೋಡಿ, ರೇಡಿಯೋದಲ್ಲಿ ಏನೋ ಕೇಳಿ, ಇದು ಕಳುವಾದ ಬೈಕು, ಕೈ ಮೇಲೆತ್ತು ಎಂದು ಗುಡುಗಿದ! ಕೈ ಎತ್ತಿದರೆ ಬೈಕು ಬೀಳುತ್ತದೆ, ಎತ್ತದಿದ್ದರೆ ನಾನು ಬೀಳುತ್ತೇನೆ. ಎತ್ತಿದೆ. ಬೈಕು ನೇರವಾಗಿ ನನ್ನ ಕಾಲಿನ ಮೇಲೆಯೇ ಒರಗಿತು.

ಕುಂಟುತ್ತಾ, ಬೆವರುತ್ತಾ, ಇದ್ದ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಕಥೆ ಒಪ್ಪಿಸಿದೆ. ಆತ ಬೈಕಿನ ಮಾಲೀಕರನ್ನು ಕರೆಸುವಷ್ಟರಲ್ಲಿ ನಾನು ಅಕ್ಷಯಾಗೆ ಫೋನು ಹಚ್ಚಿದೆ.

"ಪೊಲೀಸು ಹಿಡ್ಕೊಂಡಿದಾರೆ ಕಣೇ!"

"ಅಯ್ಯೋ! ಅಷ್ಟೊಂದು ಸ್ಪೀಡಾಗಿ ಹೋದ್ರಾ?"

"ಇಲ್ಲ ಕಣೇ, ತಳ್ತಾ ಇದ್ದೆ!"

ಅಕ್ಷಯಾ ಕಾರಿನಲ್ಲಿ ಧಾವಿಸಿ ಬರುವುದಕ್ಕೂ ಇನ್ನೊಂದು ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಆ ಕಾರಿನಿಂದ ಇಳಿದವಳು ಶಾರೀಕನ ಹೆಂಡತಿ ಮೆಹ್ರೀನ್. ಬೈಕು ಅವಳದೇ, ದಿನಾ ಆಫೀಸಿಗೆ ಹೋಗುತ್ತಿದ್ದುದೂ ಅದರಲ್ಲೇ. ಗ್ರೋಸರಿ ತಂದು ನೋಡಿದರೆ ಗ್ಯಾರೇಜು ಖಾಲಿ! ತಕ್ಷಣ ಪೊಲೀಸರಿಗೆ ದೂರು ಕೊಟ್ಟಿದ್ದಳು. ದೂರು ಕೊಡುವಾಗ ಬಾಯಿ ಬಿಡದ ಗಂಡ ಈಗ ಅವಳ ಹಿಂದೆಯೇ ಕಾರಿನಿಂದ ಇಳಿದ; ನಾನು "ಮಾರಿದ್ದು ಇವ್ರೇ!" ಎಂದು ಕೈ ತೋರಿಸಿದೆ.

"ನನ್ ಗಾಡಿ ಮಾರೋಕೆ ನೀವ್ಯಾರ್ರೀ?" ಎಂದು ಅವಳು ಅವನತ್ತ ತಿರುಗಿದಳು.

ಶಾರೀಕ್ ನೆಲ ನೋಡುತ್ತಾ, "ಫ್ರೀವೇನಲ್ಲಿ ನೀನು ಹೋಗೋ ಸ್ಪೀಡ್ ನೋಡಿದ್ರೆ ನನ್ ಎದೆ ನಡುಗುತ್ತೆ. ಸಂಜೆ ನೀನು ಬಾಗಿಲು ತೆಗೆಯೋ ಸದ್ದು ಕೇಳೋವರೆಗೂ ಒಂದ್ ತುತ್ತೂ ಇಳಿಯಲ್ಲ," ಎಂದ.

ಮೆಹ್ರೀನ್ ಅವನ ಭುಜ ಮುಟ್ಟಿದಳು. "ಅದನ್ನ ಬಾಯ್ಬಿಟ್ಟು ಹೇಳ್ಬೇಕಪ್ಪಾ," ಎಂದಳು ಮೆಲ್ಲಗೆ. ಮರುಕ್ಷಣವೇ ದನಿ ಏರಿತು: "ಮಾರೋದಲ್ಲ! ಮೊದ್ಲು ಇವರ ದುಡ್ಡು ವಾಪಸ್ ಕೊಡಿ!"

ಹಣ ಬಂದದ್ದೇ ನನಗೆ ಜೀವ ಬಂತು; ಜೀವದ ಹಿಂದೆಯೇ ಜಂಬವೂ ಬಂತು. "ಒಳ್ಳೇದೇ ಆಯ್ತು ಬಿಡಿ ಮೇಡಂ. ಸದ್ದು ಕೇಳಿದಾಗಲೇ ನಂಗೆ ಅನುಮಾನ ಇತ್ತು. ಡಬ್ಬಾ ಇಂಜಿನ್ನು, ಸ್ಟಾರ್ಟೇ ಆಗಲ್ಲ!"

ಮೆಹ್ರೀನ್ ಬಗ್ಗಿ, ಬಲಗಡೆ ಹ್ಯಾಂಡಲ್ಲಿನಲ್ಲಿದ್ದ ಕೆಂಪು ಸ್ವಿಚ್ಚನ್ನು ಬೆರಳ ತುದಿಯಿಂದ ಸರಿಸಿ ಗುಂಡಿ ಒತ್ತಿದಳು. ಬೈಕು ಗರ್ಜಿಸಿತು!

"ಇಂಜಿನ್ ಆಫ್ ಮಾಡೋ ಸ್ವಿಚ್ಚು ಸಾರ್ ಇದು. ನಿಮ್ ಕೈಯೇ ತಾಗಿರ್ಬೇಕು. ಲೈಸೆನ್ಸ್ ಕ್ಲಾಸಲ್ಲಿ ಮೊದ್ಲು ಹೇಳ್ಕೊಡೋದೇ ಇದನ್ನ."

"ಆವತ್ತು ನಾನು ಲೇಟಾಗಿ ಹೋಗಿದ್ದೆ," ಎಂದೆ. ಕನ್ನಡದ ಗಂಧಗಾಳಿಯಿಲ್ಲದ ಪೊಲೀಸಪ್ಪನೂ ಆ ಕಡೆ ತಿರುಗಿ ನಕ್ಕ.

ಅಕ್ಷಯಾ ಮಾತ್ರ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಬೈಕಿನ ಟ್ಯಾಂಕು ಸವರುತ್ತಾ ನಿಂತಿದ್ದಳು.

"ಒಂದ್ ರೌಂಡ್ ಬರ್ತೀರಾ?" ಮೆಹ್ರೀನ್ ಕಾರಿನಿಂದ ತನ್ನ ಹೆಲ್ಮೆಟ್ಟು ತೆಗೆದು ಹಾಕಿಕೊಳ್ಳುತ್ತಾ ಕೇಳಿದಳು.

ಉತ್ತರವಾಗಿ ನನ್ನ ಹೆಲ್ಮೆಟ್ಟು ನನ್ನ ಕೈಯಿಂದ ಮಾಯವಾಗಿ ಅಕ್ಷಯಾಳ ತಲೆಯ ಮೇಲಿತ್ತು. ನನ್ನ ಧರ್ಮಪತ್ನಿ ಹಿಂದಿನ ಸೀಟೇರಿ, ಕಾರಿನ ಕೀಯನ್ನು ನನ್ನತ್ತ ಎಸೆದಳು.

"ರೀ, ಕಾರು ಮನೆಗೆ ತಗೊಂಡ್ಬನ್ನಿ. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ತಳ್ಬೇಡಿ, ಫೋನ್ ಮಾಡಿ!"