ಮೇಡಂ ಹೆಸರಿನ ಮೇಲೆ ಬಿಳಿ ಪಟ್ಟಿ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಹೇಳಿಕೊಡುವುದೇ ಬೇರೆ, ಪಕ್ಕದ ಕುರ್ಚಿಯಲ್ಲಿ ಸುಜಾತಾ ಮೇಡಂ ಕೂತಿರುವುದೇ ಬೇರೆ. ಅಥಣಿ ಕಡೆಯಿಂದ ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದ ಈ ವಿಜ್ಞಾನ ಶಿಕ್ಷಕಿ, ಬಂದ ವಾರವೇ ಗೋಡೆಯ ಮೇಲೆ ಸ್ಲೈಡ್ ಬಿಟ್ಟು ಹೃದಯದ ಪಾಠ ಮಾಡಿದರು. ಹೃದಯ ಬಡಿಯಿತು, ರಕ್ತ ಹರಿಯಿತು, ಬಾಣದ ಗುರುತು ತಾನಾಗಿ ಬಂದು ಕವಾಟ ತೋರಿಸಿತು. ಮಕ್ಕಳು ಕಣ್ಣು ಮಿಟುಕಿಸಲಿಲ್ಲ. ಭೂಗೋಳದ ಪಾಠಕ್ಕೆ ನಾನು ಸೀಮೆಸುಣ್ಣದಲ್ಲಿ ಬರೆದ ದೂಧಗಂಗಾ ನದಿಯನ್ನು ನೋಡಿ ಒಬ್ಬ ಹುಡುಗಿ, "ಸರ್, ಇದು ಹಾವ್ ಏನ್ರಿ?" ಎಂದು ಕೇಳಿದ್ದುಂಟು.

ಅದನ್ನಾದರೂ ಸಹಿಸುತ್ತಿದ್ದೆನೇನೋ. ಆದರೆ ಚಿಕ್ಕೋಡಿಯ ಶಿಕ್ಷಕರ ಕಾರ್ಯಾಗಾರಕ್ಕೆ ಪ್ರತಿವರ್ಷ ಮಾದರಿ ಪಾಠ ಮಾಡಲು ಹೋಗುತ್ತಿದ್ದವನು ನಾನು. ಈ ಸಲ ಹೆಡ್‌ಮಾಸ್ತರರು, "ಇಬ್ಬರೂ ಸ್ಲೈಡ್ ಮಾಡ್ಕೊಂಡ್ ಬರ್ರಿ. ಸೋಮವಾರ ಎಲ್ಲಾರೂ ನೋಡೂಣು. ಯಾರ್ದು ಬರೋಬ್ಬರಿ ಆಗ್ತೈತಿ, ಅವ್ರು ಹೋಗ್ಲಿ" ಎಂದುಬಿಟ್ಟರು. ಮನೆಗೆ ಬಂದು ಹೇಳಿದರೆ ಹೆಂಡತಿ, "ಅದಕ್ಯಾಕ ಮಾರಿ ಹಂಗ ಮಾಡೀರಿ? ಹೊಟ್ಟ್ಯಾಗ ಉರಿ ಎದ್ದೈತಿ. ತಗೋರಿ, ಮಜ್ಜಿಗಿ ಕುಡೀರಿ" ಎಂದಳು. ಕುಡಿದೆ. ಉರಿ ಆರಲಿಲ್ಲ.

ನನಗೆ ಸ್ಲೈಡ್ ಮಾಡಲು ಎಲ್ಲಿ ಬರುತ್ತಿತ್ತು? ಶಾಲೆಯ ಕಂಪ್ಯೂಟರಿನಲ್ಲಿ ಮೇಡಂ ಅವರ ಹೃದಯವಿತ್ತು, ಅಂದರೆ ಆ ಫೈಲು. ಅದನ್ನೇ ಎತ್ತಿಕೊಂಡೆ. ಹೃದಯ ಅಳಿಸಿ ನದಿ ಹಾಕಿದೆ, ಕವಾಟ ಅಳಿಸಿ ಒಡ್ಡು ಹಾಕಿದೆ. ಆದರೆ ಪ್ರತಿ ಸ್ಲೈಡಿನ ಕೆಳಗೆ 'ಸುಜಾತಾ, ವಿಜ್ಞಾನ ಶಿಕ್ಷಕಿ' ಎಂದಿತ್ತು. ಒತ್ತಿದರೆ ಅಲುಗಲಿಲ್ಲ, ಅಳಿಸಿದರೆ ಅಳಿಯಲಿಲ್ಲ. ಆ ಹೆಸರಿನ ಗಟ್ಟಿತನ ಕಂಡು ಅದರ ಮೇಲೂ ಮತ್ಸರವಾಯಿತು. ಕೊನೆಗೆ ಬಿಳಿ ಪಟ್ಟಿಯೊಂದನ್ನು ಎಳೆದು ಹೆಸರಿನ ಮೇಲೆ ಮುಚ್ಚಿದೆ. ಹನ್ನೆರಡು ಸ್ಲೈಡಿಗೆ ಹನ್ನೆರಡು ಪಟ್ಟಿ. ಆಮೇಲೆ, ಅವರಿಗಿಂತ ಕಡಿಮೆ ಆಗಬಾರದೆಂದು, ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಆರಿಸಿ ಎಡಗಡೆಯಿಂದ ಹಾರಿಬರುವಂತೆ ಮಾಡಿದೆ. ಇದ್ದಬದ್ದದ್ದರಲ್ಲಿ ಪಟ್ಟಿಯೂ ಸೇರಿತ್ತು ಎಂಬುದು ಹೊಳೆಯಲಿಲ್ಲ.

ಸೋಮವಾರ ಸಿಬ್ಬಂದಿಯೆಲ್ಲ ಕೂತಿದ್ದರು. ಮೇಡಂ ಪಾಠ ಮುಗಿದು ನನ್ನ ಸರದಿ ಬಂತು. ಗುಂಡಿ ಒತ್ತಿದೆ. ಖಾಲಿ ಸ್ಲೈಡ್ ಬಂತು, ಕೆಳಗೆ ಸ್ವಚ್ಛವಾಗಿ 'ಸುಜಾತಾ, ವಿಜ್ಞಾನ ಶಿಕ್ಷಕಿ'. ಗಾಬರಿಯಾಗಿ ಮತ್ತೆ ಒತ್ತಿದೆ. ನದಿ, ಒಡ್ಡು, ಅಕ್ಷರ ಎಲ್ಲ ಹಾರಿಬಂದವು. ಅವುಗಳ ಜೊತೆಗೇ ಬಿಳಿ ಪಟ್ಟಿಯೂ ಬಂದು ಮೇಡಂ ಹೆಸರನ್ನು ಎಲ್ಲರ ಕಣ್ಣೆದುರಿಗೇ ನುಂಗಿತು. ಯಾರೋ ಕೆಮ್ಮಿದರು. ಮುಂದಿನ ಸ್ಲೈಡಿನಲ್ಲೂ ಹೆಸರು ಬಂತು, ಪಟ್ಟಿ ಬಂತು, ನುಂಗಿತು. ಐದನೆಯದರ ಹೊತ್ತಿಗೆ ನದಿಯನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಪಟ್ಟಿಗಾಗಿಯೇ ಕಾಯುತ್ತಿದ್ದರು. ಮುಗಿದ ಮೇಲೆ ಹೆಡ್‌ಮಾಸ್ತರರು ನನ್ನ ಕಡೆ ನೋಡದೆ, "ಮೇಡಂ, ಚಿಕ್ಕೋಡಿಗೆ ನೀವ ಹೋಗಿ ಬರ್ರಿ" ಎಂದರು.

ಸುಜಾತಾ ಮೇಡಂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. ಹತ್ತಿರ ಬಂದು, "ಸರ್, ಆ ಹೆಸರು ಸ್ಲೈಡ್ ಮಾಸ್ಟರ್‌ ಅನ್ನೂ ಮೂಲ ಹಾಳ್ಯಾಗ ಇರ್ತೈತ್ರಿ. ಅಲ್ಲಿ ಒಂದ್ ಸಲ ಅಳಿಸಿದ್ರ ಎಲ್ಲಾ ಕಡೆ ಹೋಗ್ತೈತಿ. ಕೇಳಿದ್ರ ನಾನ ತಗದ್ ಕೊಡ್ತಿದ್ದೆ" ಎಂದರು. ಸಂಜೆಯೊಳಗೆ ನನ್ನ ಪಾಠವನ್ನು ತಿದ್ದಿ ಕಳಿಸಿಯೂ ಬಿಟ್ಟರು. ದೂಧಗಂಗಾ ನಿಜವಾಗಿ ಹರಿಯುತ್ತಿದ್ದಳು, ಪ್ರತಿ ಸ್ಲೈಡಿನ ಕೆಳಗೂ ನನ್ನ ಹೆಸರಿತ್ತು. ಅವರ ಹೆಸರು ಎಲ್ಲಾದರೂ ಅಡಗಿದೆಯೇನೋ ಎಂದು ಹುಡುಕಿದೆ. ಇರಲಿಲ್ಲ.

ಮರುದಿನ ಅದನ್ನೇ ಒಂಬತ್ತನೆಯ ತರಗತಿಗೆ ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇದನ್ನು ಮೇಡಂ ಮಾಡಿಕೊಟ್ಟರು ಎಂದು ಹೇಳಲು ಬಾಯಿ ತೆರೆದೆ. ಆದರೆ ಕೆಳಗೆ ನನ್ನ ಹೆಸರು ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಬಾಯಿ ಮುಚ್ಚಿಕೊಂಡು ಮುಂದಿನ ಸ್ಲೈಡ್ ಒತ್ತಿದೆ.