ನರಸಿಂಗಣ್ಣನ ಮುರಿದ ಕಾಲು

ಮನೆಯವರೆಲ್ಲ ಮಲಗಿದ ಮೇಲೆ ವಿಶಾಖಾಳ ದಿಂಬಿನ ಕೆಳಗೆ ಫೋನು 'ಟಿಣ್' ಎಂದಿತು. ಪಕ್ಕದ ಕೋಣೆಯಲ್ಲಿ ಅಣ್ಣ ಕೈಲಾಶ ಕೆಮ್ಮಿದ. ಆ ಕೆಮ್ಮಿಗೆ ಅರ್ಥವಿತ್ತು. ಭಾಲ್ಕಿಯ ಫ್ಲೆಕ್ಸ್ ಅಂಗಡಿಯಲ್ಲಿ ಅವಳು ಡಿಸೈನ್ ಕೆಲಸ ಮಾಡಲು ಅವನು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: "ಯಾರರ ಒಬ್ಬರು ನಮ್ಮ ಬಾಗಲಿಗಿ ಬಂದು ನಿನ್ನ ಹೆಸರು ಹಿಡದು ಒದರಿದ್ರ, ಅವತ್ತಿಗೇ ನೌಕರಿ ಖಲಾಸ್."

ಫೋನಿನಲ್ಲಿ ಅಂಗಡಿಯ ಮಾಲೀಕ ಅಮೀರ ಪಾಶಾ ಕಳಿಸಿದ ಎಕ್ಸ್-ರೇ ಇತ್ತು. ಎರಡು ಕಾಲು, ಅದರಲ್ಲಿ ಒಂದರ ಎಲುಬು ಕಬ್ಬಿನ ಜಲ್ಲೆ ಮುರಿದಂತೆ ಎರಡು ತುಂಡು. ಕಾಲು ಔರಾದ ಕಡೆಯ ಪುಢಾರಿ ನರಸಿಂಗಣ್ಣನದು. ಅವನು ಕಟ್ಟಿಸಿದ ನೀರಿನ ಟಾಕಿ ಸೋರುತ್ತಿದೆ, ಬಂದು ನೋಡ್ರಿ ಎಂದು ಜನ ಕರೆದ ದಿನವೇ ಆ ಕಾಲು ಮುರಿದಿತ್ತು. 'ನಾಟಕ' ಎಂದು ವಿರೋಧಿಗಳು ಕೂಗಿದ್ದರು. ಅದಕ್ಕೆ ಉತ್ತರವಾಗಿ ಎಕ್ಸ್-ರೇಯನ್ನೇ ಬ್ಯಾನರ್ ಮಾಡಿ ಕಟ್ಟುವುದೆಂದು ಉತ್ತಮನೆಂಬ ಅವನ ಬಂಟ ತೀರ್ಮಾನಿಸಿದ್ದ.

ಬೆಳಗಾಗುತ್ತಲೇ ಉತ್ತಮ ಅಂಗಡಿಗೆ ಬಂದು ಅವಳ ಕುರ್ಚಿಯ ಹಿಂದೆ ನಿಂತ.

"ಮ್ಯಾಲ ಅಣ್ಣಾ ಕೈ ಮುಗದಿರಬೇಕು. ಕೆಳಗ ಕಾಲಿನ ಎಲುಬು. ಅಣ್ಣಾನೇ ಎದುರು ನಿಂತಂಗ ಕಾಣಬೇಕು."

"ಹುಡುಗರು ಅಂಜತಾವ್ರಿ."

"ಅಂಜಲಿ. ಬಾಜೂಕ ನನ್ನ ಫೋಟೊ. ದೊಡ್ಡದು."

ಉತ್ತಮನ ದುಂಡು ಮುಖವನ್ನು ಬಲಬದಿಗೆ ಇಟ್ಟರೆ ಅದು ಸರಿಯಾಗಿ ಮುರಿದ ಎಲುಬಿನ ಮೇಲೆಯೇ ಕೂತಿತು. ಸಣ್ಣದು ಮಾಡುತ್ತೇನೆ ಎಂದರೆ ಅವನು ಒಲ್ಲೆ ಎಂದ. ಎಡಕ್ಕೆ ಸರಿಸುತ್ತೇನೆ ಎಂದರೆ ಅಪಶಕುನ ಎಂದ. ವಿಶಾಖಾ ಹಲ್ಲು ಕಚ್ಚಿಕೊಂಡು, ಮದುವೆ ಆಲ್ಬಮ್ಮಿನಲ್ಲಿ ಮದುಮಗ ಅತ್ತ ತಿರುಗಿ ನಿಂತಿದ್ದರೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಎಕ್ಸ್-ರೇಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿದಳು. ಮುರಿದ ಎಲುಬು ಎಡಕ್ಕೆ ಬಂದು ಎದ್ದು ಕಂಡಿತು. ಎಡಗಾಲಿನ ಗುರುತಿಗೆ ಹಾಕಿದ್ದ 'ಎಲ್' ಅಕ್ಷರ ಮಾತ್ರ ಉಲ್ಟಾ ಆಯಿತು. ಮದುಮಗಳ ಕೆನ್ನೆಯ ಮೊಡವೆ ಒರೆಸುವ ಹಾಗೆ ಅದನ್ನೂ ಒರೆಸಿ ಹಾಕಿದಳು.

ಮೊದಲ ಬ್ಯಾನರ್ ಬಸ್ ಸ್ಟ್ಯಾಂಡ್ ಎದುರು ಏರಿತು. ಉಳಿದವು ಔರಾದಕ್ಕೆ ಹೋದವು. ಸ್ಟ್ಯಾಂಡಿನ ಚಹಾದಂಗಡಿಯ ಈರಮ್ಮ ಸೊಂಟಕ್ಕೆ ಕೈ ಇಟ್ಟು ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: "ನರಸಿಂಗಣ್ಣಂದು ಎಡಗಾಲಿಗಿ ಪ್ಲಾಸ್ಟರ್ ಅದ, ವಾಟ್ಸಾಪ್‌ನ್ಯಾಗ ನಾನೇ ನೋಡೀನಿ. ಇಲ್ಲಿ ಬಲಗಾಲು ಮುರದದಲ್ಲೋ! ಗಾಯ ರಾತ್ರಿ ನಡಕೋತ ಈ ಕಾಲಿಗಿ ಬಂತೇನು?"

ಮಧ್ಯಾಹ್ನದೊಳಗೆ ಆ ಮಾತು ಬೀದರವರೆಗೆ ಹೋಗಿತ್ತು. ಉತ್ತಮ ಕಾದ ಹಂಚಿನಂತಾಗಿ ಅಂಗಡಿಗೆ ನುಗ್ಗಿದ.

"ಏ ಹುಡುಗಿ! ಅಣ್ಣಾನ ಕಾಲೇ ಬದಲಿ ಮಾಡೀದಿ!"

"ಬೇಟಿ," ಅಮೀರ ಪಾಶಾ ಹಣೆ ಒತ್ತಿಕೊಂಡ, "ದೊಡ್ಡ ದೊಡ್ಡ ಡಾಕ್ಟರಿಗಿ ಆಗಲಾರದ ಆಪರೇಷನ್ ನೀ ಮೌಸ್‌ನ್ಯಾಗ ಮಾಡೀದಿ."

"ನಿಮ್ಮ ಮಾರಿ ಸಣ್ಣದು ಮಾಡ್ತೇನಿ ಅಂದ್ರ ಕೇಳಿದ್ರೇನ್ರಿ ನೀವು?" ವಿಶಾಖಾ ಉತ್ತಮನತ್ತ ತಿರುಗಿದಳು.

"ನನ್ನ ಮಾರಿ ಸುದ್ದಿ ಬಿಡು! ಸಂಜಿಕ ಅಣ್ಣಾ ಔರಾದಕ ಬರ್ತಾನ. ಅಷ್ಟರಾಗ ಎಲ್ಲಾ ಬ್ಯಾನರ್ ಬದಲಿ ಆಗಬೇಕು. ನೀನೇ ಬಂದು ನಿಂತು ಕಟ್ಟಿಸಬೇಕು. ಇಲ್ಲಂದ್ರ ನಾ ಸೀದಾ ನಿಮ್ಮ ಮನಿಗಿ, ನಿಮ್ಮಣ್ಣನ ಬಲ್ಲಿ."

ವಿಶಾಖಾ ಮತ್ತೆ ಮೌಸ್ ಹಿಡಿದಳು. ಎಕ್ಸ್-ರೇಯನ್ನು ಮೊದಲಿನಂತೆ ತಿರುವಿದಳು. 'ಎಲ್' ಅಕ್ಷರವನ್ನು ದಪ್ಪಗೆ, ಕೆಂಪಗೆ ಮಾಡಿದಳು. ಉತ್ತಮನ ಮುಖವನ್ನು ಬಟಾಣಿ ಕಾಳಿನಷ್ಟು ಮಾಡಿ ಮೂಲೆಗೆ ತಳ್ಳಿದಳು. ಇಡೀ ದಿನದಲ್ಲಿ ಸಮಾಧಾನ ಕೊಟ್ಟ ಕೆಲಸ ಅದೊಂದೇ.

ಟೆಂಪೋದಲ್ಲಿ ಹಸಿ ಬಣ್ಣದ ವಾಸನೆ ಕುಡಿಯುತ್ತ ಅವಳೂ ಉತ್ತಮನೂ ಔರಾದ ಮುಟ್ಟಿದರು. ಕಂಬದಿಂದ ಕಂಬಕ್ಕೆ ಓಡಿದರು. ಒಂದು ಕಡೆ ಗಾಳಿ ಬೀಸಿ ನರಸಿಂಗಣ್ಣನ ಎರಡೂ ಕಾಲು ಉತ್ತಮನ ಕೊರಳಿಗೆ ಸುತ್ತಿಕೊಂಡವು. ಅವನು ಒಳಗಿನಿಂದಲೇ ಅವಳನ್ನು ಬೈದ. ಅವಳು ಬಿಡಿಸಲು ಅವಸರ ಮಾಡಲಿಲ್ಲ.

ವೇದಿಕೆಯ ಹಿಂದಿನ ಕೊನೆಯ ಬ್ಯಾನರ್ ಕಟ್ಟಿ ಮುಗಿಯುವುದಕ್ಕೂ ಜೀಪು ಬರುವುದಕ್ಕೂ ಸರಿಹೋಯಿತು. ನರಸಿಂಗಣ್ಣನನ್ನು ದೇವರ ಮೂರ್ತಿಯಂತೆ ಎತ್ತಿ ಇಳಿಸಿದರು. ವಿಶಾಖಾ ಅವನ ಕಾಲು ನೋಡಿದಳು. ಕಣ್ಣುಜ್ಜಿ ಮತ್ತೆ ನೋಡಿದಳು.

ಪ್ಲಾಸ್ಟರ್ ಬಲಗಾಲಿಗಿತ್ತು. ಬೆಳ್ಳಗೆ, ಇನ್ನೂ ಆರದೆ.

ಅವನು ಮೈಕು ಹಿಡಿದು ಗುಡುಗಿದ. "ಮುಂಜಾನಿಂದ ಕೆಲವರು ನಗಲಾಕತ್ತಾರ, ಎಡಗಾಲೋ ಬಲಗಾಲೋ ಅಂತ. ವಾಟ್ಸಾಪ್‌ನ್ಯಾಗ ಬಂದಿದ್ದು ಸೆಲ್ಫಿ ಇತ್ರಿ, ಉಲ್ಟಾ ಬಂದದ. ನಮ್ಮ ಬ್ಯಾನರೇ ಖರೇ! ನನ್ನ ಮಾತು ನಂಬಬ್ಯಾಡ್ರಿ, ಬ್ಯಾನರ್ ನೋಡ್ರಿ!"

ಜನರೆಲ್ಲ ಬ್ಯಾನರಿನಲ್ಲಿ ಮುರಿದ ಎಡಗಾಲು ನೋಡಿದರು. ಅವನ ಕಾಲು ನೋಡಿದರು. ಮತ್ತೆ ಬ್ಯಾನರ್ ನೋಡಿದರು. ಮೊದಲು ಒಬ್ಬ ಮುದುಕ ನಕ್ಕ. ಆಮೇಲೆ ಮೈದಾನವೇ ನಕ್ಕಿತು.

ಉತ್ತಮ ಅವಳ ಕಿವಿಯ ಹತ್ತಿರ ಬಂದು ಹಲ್ಲು ಕಡಿದ. "ಮುಂಜಾನಿ ಸರಿ ಇತ್ತಲ್ಲ! ಯಾಕ ಕೆಡಸೀದಿ?"

"ನಾ ಕೆಡಸೀನಾ?"

"ಬಾಯಿ ಮಾಡಬ್ಯಾಡ. ನಾಳಿ ಹೊತ್ತು ಮೂಡೂದರಾಗ ಎಲ್ಲಾ ಮತ್ತ ತಿರುವಬೇಕು. ಮನಿ ಗೊತ್ತದ ನನಗ."

ಅವಳ ಮೈಯೆಲ್ಲ ಉರಿಯಿತು. ಎರಡೂ ಕಾಲು ಗಟ್ಟಿಯಿರುವ ಮನುಷ್ಯನಿಗಾಗಿ ಕಾಲು ಸೋಲುವಷ್ಟು ಓಡಿದ್ದು ಅವಳು. ಆದರೂ "ಆಯ್ತ್ರಿ" ಎಂದಳು.

ಭಾಲ್ಕಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. "ನಮ್ಮೂರ ಟಾಕಿ ಸೋರ್ತದ್ರಿ. ಎಷ್ಟ ಒದರಿದ್ರೂ ಯಾರೂ ನಂಬಿರಲಿಲ್ಲ. ಇವತ್ತ ಆ ಬ್ಯಾನರ್ ಅವನ ಮಾನ ಕಳೀತು. ಅದನ್ನ ಮಾಡಿದವರು ಯಾರ್ರಿ? ಊರ ಮಂದಿನೆಲ್ಲ ಕರಕೊಂಡು ಅವರ ಮನಿಗೇ ಹೋಗಿ ಶಾಲು ಹೊದಸ್ತೇವು."

ದಿನವಿಡೀ ಬೈಗುಳ ತಿಂದ ವಿಶಾಖಾಳ ನಾಲಿಗೆಯ ತುದಿಗೆ ತನ್ನ ಹೆಸರು ಬಂದು ನಿಂತಿತು. ಬಾಗಿಲಲ್ಲಿ ಊರ ಮಂದಿ, ಅವರ ಎದುರು ಕೈಲಾಶ, ಅವರ ಹಿಂದೆ ಉತ್ತಮ ಕಣ್ಣಿಗೆ ಕಟ್ಟಿದರು. ಈಕೆಗಿರಲಿ, ಮನೆಯಲ್ಲಿ ಅವ್ವನಿಗೂ ಹೇಳಬಾರದೆಂದು ಅವಳು ಅಲ್ಲೇ ನಿಶ್ಚಯಿಸಿದಳು.

"ಗೊತ್ತಿಲ್ಲ್ರಿ," ಎಂದು ಕಿಟಕಿಯತ್ತ ಮುಖ ತಿರುಗಿಸಿದಳು.